ಮಲಗಿ ನೋಡಿದ ಹಾಸಿಗೆ

ದೊಡ್ಡವರು ತೀರಿಕೊಂಡ ಸುದ್ದಿ ಬಂದಾಗ ಚಿಕ್ಕವರು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಬೆಳಿಗ್ಗೆ ಎಂಟು ಗಂಟೆ. ಅಂಗಡಿಯ ಮುಂಬಾಗಿಲು ಇನ್ನೂ ತೆರೆದಿರಲಿಲ್ಲ. ಫೋನು ಮಾಡಿದವರು ಗಡಿಯಾರ ರಿಪೇರಿಯವರು. ದೊಡ್ಡವರ ಜೊತೆ ಕೆರೆಯ ದಂಡೆಯಲ್ಲಿ ಡೇರೆ ಹಾಕಿಕೊಂಡು ನಾಲ್ಕು ದಿನ ಇದ್ದು ಬರಲು ಹೋಗಿದ್ದ ಮೂವರು ಗೆಳೆಯರಲ್ಲಿ ಅವರೊಬ್ಬರು.

"ಚಿಕ್ಕವರೇ, ಕೂತಿದ್ದೀರಾ, ನಿಂತಿದ್ದೀರಾ?"

"ಕೂತೇ ಇದ್ದೀನಿ. ಯಾಕೆ?"

"ದೊಡ್ಡವರು ಏಳಲಿಲ್ಲ."

"ಅಣ್ಣ ಅಲ್ಲಿಗೆ ಹೋಗೋದೇ ಲೇಟಾಗಿ ಏಳೋಕೆ. ಚಹಾ ಲೋಟ ಮೂಗಿನ ಹತ್ತಿರ ಹಿಡೀರಿ, ತಾನಾಗಿ ಏಳ್ತಾನೆ."

ಗಡಿಯಾರದವರು ಅದೇ ಮಾತನ್ನು ಇನ್ನೂ ಮೆಲ್ಲಗೆ ಹೇಳಿದರು. "ಏಳಲಿಲ್ಲ ಚಿಕ್ಕವರೇ. ಡಾಕ್ಟರು ಬಂದು ನೋಡಿದರು. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದರು."

ಚಿಕ್ಕವರು ಎಣ್ಣೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಕೈ ಒರೆಸಿಕೊಳ್ಳಲು ಹಳೆಯ ಬಟ್ಟೆಯನ್ನು ಎಳೆದರು. ಬಟ್ಟೆಯ ಮಡಿಕೆಯಿಂದ ಒಂದು ಕಪ್ಪು ರಬ್ಬರ್ ವಾಷರ್ ಉರುಳಿ ಬಂದು ಎಣ್ಣೆ ಡಬ್ಬಿಗೆ ತಾಗಿ ನಿಂತಿತು. ಹೊಚ್ಚ ಹೊಸದು. ಅದನ್ನು ನೋಡಿದ ಕೂಡಲೇ ಅವರಿಗೆ ಎಲ್ಲವೂ ನೆನಪಾಯಿತು. ಅಣ್ಣ ಹೋದನೆಂಬ ದುಃಖ ಇನ್ನೂ ಎದೆಗೆ ಇಳಿಯುವ ಮೊದಲೇ ಅದರ ಜಾಗದಲ್ಲಿ ಬೇರೊಂದು ಬಂದು ಕೂತುಬಿಟ್ಟಿತು.

ದೊಡ್ಡವರು, ಚಿಕ್ಕವರು ಎಂಬುದು ಬೀದಿಯವರು ಇಟ್ಟ ಹೆಸರು. ದೊಡ್ಡವರಿಗೆ ಎಪ್ಪತ್ತೆರಡು, ಚಿಕ್ಕವರಿಗೆ ಅರವತ್ತಾರು. ಚಿಕ್ಕವರ ತಲೆಯಲ್ಲಿ ಒಂದು ಕಪ್ಪು ಕೂದಲೂ ಉಳಿದಿರಲಿಲ್ಲ, ಆದರೂ ಬೀದಿಯ ಪಾಲಿಗೆ ಅವರು ಚಿಕ್ಕವರೇ. ಅಣ್ಣತಮ್ಮಂದಿರು ಸೇರಿ ನಲವತ್ತೆಂಟು ವರ್ಷ ಡೇರೆಗಳನ್ನು ಹೊಲಿದರು, ಬಾಡಿಗೆಗೆ ಕೊಟ್ಟರು, ಹರಿದದ್ದನ್ನು ಸರಿ ಮಾಡಿದರು. ಅಂಗಡಿಯ ಮುಂಭಾಗವನ್ನು ಈಗ ದೊಡ್ಡವರ ಮಗಳು ನೋಡಿಕೊಳ್ಳುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಗೆ ತೂಗುಹಾಕಿದ ಹಗ್ಗದ ಸುರುಳಿಗಳು. ಆ ಕೋಣೆ ಮಾತ್ರ ಇಬ್ಬರದೇ.

ಆ ಅಂಗಡಿಗೆ ಒಂದು ಕಟ್ಟಳೆ ಇತ್ತು. ಯಾವ ವಸ್ತುವನ್ನು ಯಾರು ರಿಪೇರಿ ಮಾಡುತ್ತಾರೋ ಅವರು ಅದರಲ್ಲಿ ಒಂದು ಗಂಟೆಯಾದರೂ ಮಲಗಿ ನೋಡದೆ ಗಿರಾಕಿಗೆ ಕೊಡುವಂತಿಲ್ಲ. ದೊಡ್ಡವರು ಮಾಡಿದ ಕಟ್ಟಳೆ ಇದು. "ನಿಂತ್ಕೊಂಡು ನೋಡಿದ್ರೆ ಡೇರೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಮಲಗಿದಾಗ ಅದರ ಬಣ್ಣ ಬಯಲಾಗೋದು" ಎನ್ನುತ್ತಿದ್ದರು. ಹಾಗಾಗಿ ಹಗಲುಹೊತ್ತಿನಲ್ಲಿ ಹಿಂದಿನ ಕೋಣೆಗೆ ಹೋದವರಿಗೆ, ಇಬ್ಬರಲ್ಲಿ ಒಬ್ಬರು ಡೇರೆಯೊಳಗೆ ಕಾಲು ಚಾಚಿ ಮಲಗಿರುವುದು ಕಾಣುತ್ತಿತ್ತು. ಮಲಗಿ ಸಂಪಾದಿಸುವವರು ಎಂದು ಬೀದಿಯವರು ನಗುತ್ತಿದ್ದರು.

ದೊಡ್ಡವರು ಹೊರಡುವ ಹಿಂದಿನ ದಿನ ಚಿಕ್ಕವರು ಅವರ ಗಾಳಿ ಹಾಸಿಗೆಯನ್ನು ಸರಿ ಮಾಡಿದ್ದರು. ಊದುವ ಬಾಯಿಯಲ್ಲಿ ಸಣ್ಣಗೆ ಗಾಳಿ ಸೋರುತ್ತಿತ್ತು. ಹಳೆಯ ವಾಷರನ್ನು ಕಿತ್ತು ಎಸೆದರು, ಹೊಸದನ್ನು ಪೊಟ್ಟಣದಿಂದ ತೆಗೆದು ಬಟ್ಟೆಯ ಮೇಲಿಟ್ಟರು. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಯಾರೋ ಕರೆದರು. ಹೋಗಿ ಬಂದು ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. ಊದಿ ಕೈಯಿಂದ ಒತ್ತಿದರು, ಗಟ್ಟಿಯಾಗೇ ಇತ್ತು. ಅಂದು ಸೊಂಟ ನೋಯುತ್ತಿತ್ತು, ನೆಲಕ್ಕೆ ಇಳಿದು ಏಳುವುದು ಬೇಡವೆನಿಸಿತು. ಮಲಗಿ ನೋಡಲಿಲ್ಲ. ಹಾಗೆಯೇ ಮಡಿಸಿ ಚೀಲಕ್ಕೆ ತುಂಬಿ ಕೊಟ್ಟರು.

ವಾಷರ್ ಇಲ್ಲದ ಹಾಸಿಗೆ ಒಂದು ಗಂಟೆಯಲ್ಲಿ ನೆಲ ಹಿಡಿಯುತ್ತದೆ. ಆ ವಾರ ಚಳಿಯೋ ಚಳಿ. ಬೆಳಗಿನ ಹೊತ್ತು ಅಂಗಡಿಯ ಗಾಜಿನ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಇಬ್ಬನಿ. ದೊಡ್ಡವರ ಎದೆ ಮೊದಲೇ ನಾಜೂಕು. ಮೂರು ರಾತ್ರಿ ಅಣ್ಣ ತಣ್ಣನೆಯ ನೆಲದ ಮೇಲೆ ಮಲಗಿದ್ದಾನೆ, ಮೂರನೆಯದರಲ್ಲಿ ಅವನ ಎದೆ ಸೋತಿದೆ. ಚಿಕ್ಕವರ ಲೆಕ್ಕ ಇಷ್ಟು ನೇರವಾಗಿತ್ತು. ವಾಷರನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅತ್ತಿಗೆಗೆ ಸುದ್ದಿ ತಿಳಿಸಲು ಮಹಡಿ ಹತ್ತಿದರು.

ಅತ್ತಿಗೆ ಕೂಗಿ ಅಳಲಿಲ್ಲ. ಮಡಿಸುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಕೇಳಿದರು: "ಅವರಿಗೆ ಚಳಿ ಆಗಿತ್ತೇನೋ?"

"ಗೊತ್ತಿಲ್ಲ ಅತ್ತಿಗೆ" ಎಂದರು ಚಿಕ್ಕವರು. ನಲವತ್ತೈದು ವರ್ಷಗಳಲ್ಲಿ ಅತ್ತಿಗೆಯ ಮುಖ ನೋಡದೆ ಕೊಟ್ಟ ಮೊದಲ ಉತ್ತರ ಅದು.

ದೊಡ್ಡವರ ಎದೆ ನಾಜೂಕಾದದ್ದಕ್ಕೂ ಒಂದು ಕತೆಯಿತ್ತು, ಆ ಕತೆಯಲ್ಲೂ ಚಿಕ್ಕವರ ಕೈಯಿತ್ತು. ಅಂಗಡಿ ಇಟ್ಟ ಹೊಸದರಲ್ಲಿ ಡೇರೆಯೆಂದರೆ ದಪ್ಪ ಕ್ಯಾನ್ವಾಸು. ಒಂದು ಡೇರೆಯನ್ನು ಇಬ್ಬರು ಹೊರಬೇಕು, ನೆನೆದರೆ ನಾಲ್ವರು. ಮರದ ಕಂಬ, ಮರದ ಗೂಟ, ಗೂಟ ಹೊಡೆಯಲು ಮರದ ಸುತ್ತಿಗೆ. ಡೇರೆ ನಿಲ್ಲಿಸಿದ ಮೇಲೆ ಸುತ್ತಲೂ ಗುದ್ದಲಿಯಿಂದ ಕಾಲುವೆ ತೋಡಬೇಕು, ಇಲ್ಲದಿದ್ದರೆ ಮಳೆನೀರು ಒಳಗೇ ಮನೆ ಮಾಡುತ್ತಿತ್ತು. ನೆಲಕ್ಕೆ ಒಣಹುಲ್ಲು, ಅದರ ಮೇಲೆ ಕಂಬಳಿ. ಬೆಳಿಗ್ಗೆ ಎದ್ದವರ ಬೆನ್ನಿನ ಮೇಲೆ ಯಾವ ಕಲ್ಲು ಎಲ್ಲಿತ್ತೆಂದು ಎಣಿಸಬಹುದಿತ್ತು. ಬೆಳಕಿಗೆ ಲಾಂದ್ರ, ಅದರ ಹೊಗೆಗೆ ಕೆಮ್ಮು. ಅಡುಗೆಗೆ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌ. ಅದು ಹತ್ತಿಕೊಳ್ಳುವಷ್ಟರಲ್ಲಿ ಹಸಿವು ಬಂದು ಹೋಗಿರುತ್ತಿತ್ತು.

ಒಮ್ಮೆ ಹೊಸ ಡೇರೆಯನ್ನು ಮಲಗಿ ನೋಡಲೆಂದು ಅಣ್ಣತಮ್ಮಂದಿರು ಊರಾಚೆಯ ಬಯಲಿಗೆ ಹೋಗಿದ್ದರು. ಮಳೆ ಹಿಡಿಯಿತು. ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಮುಟ್ಟಬಾರದು. ಮುಟ್ಟಿದ ಜಾಗದಿಂದ ನೀರು ತೊಟ್ಟಿಕ್ಕಲು ಶುರುವಾಗುತ್ತದೆ, ಬಟ್ಟೆ ಒಣಗುವ ತನಕ ನಿಲ್ಲುವುದಿಲ್ಲ. ಇದು ಆ ಕೆಲಸದಲ್ಲಿ ಎಲ್ಲರಿಗೂ ಮೊದಲ ದಿನವೇ ಹೇಳುವ ಮಾತು. ಇಪ್ಪತ್ತೊಂದು ವರ್ಷದ ಚಿಕ್ಕವರು ಮಾತಿನ ಭರದಲ್ಲಿ ತಲೆಯ ಮೇಲಿನ ಬಟ್ಟೆಯಲ್ಲಿ ಹೊಸ ಹೊಲಿಗೆಯ ಗೆರೆಯನ್ನು ಬೆರಳಿನಿಂದ ಎಳೆದು ತೋರಿಸಿದ್ದರು. ಆಮೇಲೆ ಮಲಗಿ ನಿದ್ದೆಹೋದರು. ಬೆಳಿಗ್ಗೆ ಎದ್ದು ನೋಡಿದರೆ ತಾವು ಮಲಗಿದ್ದ ಜಾಗದಲ್ಲಿ ಅಣ್ಣನಿದ್ದ, ಅಣ್ಣನ ಜಾಗದಲ್ಲಿ ತಾವಿದ್ದರು. ದೊಡ್ಡವರು ನಿದ್ದೆಯಲ್ಲಿದ್ದ ತಮ್ಮನನ್ನು ಒಣಗಿದ ಕಡೆಗೆ ಉರುಳಿಸಿ, ತಾವು ಹನಿಯ ಕೆಳಗೆ ಮಲಗಿದ್ದರು. ಎದೆಯ ಮೇಲಿನ ಅಂಗಿ ಹಿಂಡುವಂತಿತ್ತು. ಆಮೇಲೆ ಇಪ್ಪತ್ತು ದಿನ ಜ್ವರ. ಅಂದಿನಿಂದ ಚಳಿ ಬಂದರೆ ದೊಡ್ಡವರಿಗೆ ಕೆಮ್ಮು. ಆ ಬೆರಳಿನ ವಿಷಯವನ್ನು ದೊಡ್ಡವರು ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚಿಕ್ಕವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೀಗಾಗಿ ಹೊಸ ಸಾಮಾನು ಒಂದೊಂದೇ ಮಾರುಕಟ್ಟೆಗೆ ಬಂದಾಗ ಎಲ್ಲರಿಗಿಂತ ಮೊದಲು ಕೈಚಾಚಿದವರು ಚಿಕ್ಕವರು. ನೈಲಾನ್ ಡೇರೆ ಬಂತು. ಒಳಗಿನಿಂದ ಮುಟ್ಟಿದರೂ ಸೋರುವುದಿಲ್ಲ, ಮಡಿಸಿದರೆ ಕಂಕುಳಲ್ಲಿ ಹಿಡಿಯುತ್ತದೆ. ಬಾಗುವ ಅಲ್ಯೂಮಿನಿಯಂ ಕಡ್ಡಿ ಬಂತು, ಹೊಲಿದೇ ಕೂಡಿಸಿದ ನೆಲದ ಹಾಸು ಬಂತು. ಗ್ಯಾಸಿನ ಪುಟ್ಟ ಒಲೆ, ತಲೆಗೆ ಕಟ್ಟಿಕೊಳ್ಳುವ ದೀಪ, ಬಿಸಿಲಿಗೆ ಇಟ್ಟರೆ ಕತ್ತಲಲ್ಲಿ ಉರಿಯುವ ದೀಪ. ಕೊನೆಗೆ ಸ್ಲೀಪಿಂಗ್ ಬ್ಯಾಗು, ಗಾಳಿ ಹಾಸಿಗೆ. ಒಂದೊಂದು ಬಂದಾಗಲೂ ಹಿಂದಿನ ಕೋಣೆಯಲ್ಲಿ ಜಗಳ.

"ಇದು ಡೇರೆನಾ, ಸೊಳ್ಳೆಪರದೆನಾ?" ಎನ್ನುತ್ತಿದ್ದರು ದೊಡ್ಡವರು. "ನಾನು ಸೀನಿದರೆ ಪಕ್ಕದ ಬೀದಿಗೆ ಹೋಗಿ ಬೀಳುತ್ತೆ."

"ನಿನ್ನ ಡೇರೆ ಹೊರೋಕೆ ಕತ್ತೆ ಬೇಕಪ್ಪ" ಎಂದು ಮಗಳು ಮುಂದಿನ ಕೋಣೆಯಿಂದಲೇ ಹೇಳುತ್ತಿದ್ದಳು.

"ಇಷ್ಟು ವರ್ಷ ನಿಮ್ಮ ಚಿಕ್ಕಪ್ಪ ಇದ್ದನಲ್ಲ, ಅವನೇ ಹೊರುತ್ತಿದ್ದ."

ಸ್ಲೀಪಿಂಗ್ ಬ್ಯಾಗನ್ನು ತೋರಿಸಿದಾಗ ದೊಡ್ಡವರು ಅದರ ಜಿಪ್ಪನ್ನು ಮೇಲಿನಿಂದ ಕೆಳಗೆ ಎರಡು ಸಲ ಎಳೆದು ನೋಡಿ, "ಬದುಕಿರುವಾಗಲೇ ನನ್ನ ಮೂಟೆ ಕಟ್ತೀಯೇನೋ?" ಎಂದಿದ್ದರು. ಅದನ್ನು ಒಪ್ಪಿಕೊಳ್ಳಲು ಅವರಿಗೆ ಆರು ವರ್ಷ ಬೇಕಾಯಿತು. ಗಾಳಿ ಹಾಸಿಗೆಗೆ ಇನ್ನೂ ಮೂರು. ಕೊನೆಗೆ ಅತ್ತಿಗೆ, "ನೀವು ಆ ಹತ್ತಿ ಹಾಸಿಗೆಯನ್ನೇ ಹೊತ್ತುಕೊಂಡು ಹೋಗೋದಾದರೆ ವಾಪಸು ಬಂದು ಅದರ ಮೇಲೇ ಅಂಗಡಿಯಲ್ಲಿ ಮಲಗಿ, ಮನೆಗೆ ಬರಬೇಡಿ" ಎಂದ ಮೇಲೆ ಈ ವರ್ಷ ಮೊದಲ ಬಾರಿಗೆ ಒಪ್ಪಿಕೊಂಡರು.

ಕೊನೆಯ ಮಾತು ಅತ್ತಿಗೆಯದಾದರೂ ಅಣ್ಣನಿಂದ ಹತ್ತಿ ಹಾಸಿಗೆಯನ್ನು ಬಿಡಿಸಲು ಹೊರಟವರು ಚಿಕ್ಕವರು. ಬದಲಿಗೆ ಕೊಟ್ಟದ್ದು ಸೋರುವ ಹಾಸಿಗೆ. ಸೋರಿದರೆ ದೊಡ್ಡವರು ಗೆಳೆಯರಿಗೆ ಹೇಳುವವರೂ ಅಲ್ಲ. ತಮ್ಮನ ಕೆಲಸದ ಮರ್ಯಾದೆ ಉಳಿಸಲು ತುಟಿ ಕಚ್ಚಿಕೊಂಡು ನೆಲದ ಮೇಲೆ ಮಲಗಿಯಾರು. ಹನಿಯ ಕೆಳಗೆ ಮಲಗಿದವರಲ್ಲವೇ.

ಅಂತ್ಯಕ್ರಿಯೆ ಮುಗಿಯಿತು. ಜನ ಬಂದರು, ಹೋದರು. ಚಿಕ್ಕವರು ಬೆಳಿಗ್ಗೆ ಸಂಜೆ ದೇವರ ಮುಂದೆ ಕೂತರು. ಆದರೆ ಅಣ್ಣನಿಗೆ ಶಾಂತಿ ಕೊಡು ಎಂದು ಕೇಳಲು ಬಾಯಿ ಬರಲಿಲ್ಲ. ನಿದ್ದೆಗೆಡಿಸಿದವನು ತಾನೇ, ಶಾಂತಿ ಕೊಡೆಂದು ದೇವರಿಗೆ ಹೇಳುವವನೂ ತಾನೇ. ಅದು ಯಾವ ನ್ಯಾಯ ಎನಿಸುತ್ತಿತ್ತು. ಕೈ ಮುಗಿದು ಸುಮ್ಮನೆ ಕೂತು ಎದ್ದು ಬರುತ್ತಿದ್ದರು. ಗಡಿಯಾರದವರನ್ನು ಕಂಡರೆ ಜನರ ನಡುವೆ ಮರೆಯಾಗುತ್ತಿದ್ದರು. ಹಾಸಿಗೆ ಸೋರಿತ್ತೇ ಎಂದು ಅವರನ್ನು ಒಂದು ಮಾತು ಕೇಳಿದರೆ ಸಾಕಿತ್ತು, ಅದನ್ನೇ ಕೇಳಲಾಗುತ್ತಿರಲಿಲ್ಲ. ಗಡಿಯಾರದವರೂ ಏನನ್ನೋ ಬಾಯಲ್ಲಿ ಇಟ್ಟುಕೊಂಡವರಂತೆ ಅವರನ್ನು ನೋಡುತ್ತಿದ್ದರು, ಹೇಳದೆ ಹೋಗುತ್ತಿದ್ದರು. ಇದರಿಂದ ಚಿಕ್ಕವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಅತ್ತಿಗೆ ದಿನಕ್ಕೊಂದು ಸಲ ಅದೇ ಪ್ರಶ್ನೆ ಕೇಳುತ್ತಿದ್ದರು. ಕೇಳುತ್ತಿದ್ದದ್ದು ಚಿಕ್ಕವರನ್ನಲ್ಲ, ಕಿಟಕಿಯನ್ನೋ ಗೋಡೆಯನ್ನೋ. "ಚಳಿ ಆಗಿತ್ತೇನೋ ಪಾಪ." ಚಿಕ್ಕವರ ಜೇಬಿನಲ್ಲಿ ವಾಷರ್ ಹಾಗೇ ಇತ್ತು. ಐದನೆಯ ದಿನ ಬೆಳಿಗ್ಗೆ ಅವರು ನಿರ್ಧರಿಸಿದರು: ಇವತ್ತು ಅತ್ತಿಗೆಯ ಕಾಲ ಬಳಿ ಕೂತು ಹೇಳಿಬಿಡುವುದು. ಬೈದರೆ ಬೈಯಲಿ, ಮುಖ ತಿರುಗಿಸಿದರೆ ತಿರುಗಿಸಲಿ.

ಅಂದು ಹತ್ತು ಗಂಟೆಯ ಹೊತ್ತಿಗೆ ಬೀದಿಯ ತುದಿಯಲ್ಲಿ ಗಡಿಯಾರದವರು ಕಾಣಿಸಿಕೊಂಡರು. ಸಣ್ಣ ಆಳು. ಬೆನ್ನಿಗೆ ದೊಡ್ಡವರ ಚೀಲ. ತಲೆಯ ಮೇಲೆ ಆಳುದ್ದದ ಹಸಿರು ಗಾಳಿ ಹಾಸಿಗೆ, ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಗಾಳಿ ಬೀಸಿದಾಗಲೆಲ್ಲ ಅದು ಅವರನ್ನೂ ಎಳೆದುಕೊಂಡು ರಸ್ತೆಯ ಆ ಬದಿಗೆ ಹೋಗುತ್ತಿತ್ತು, ಅವರು ಮತ್ತೆ ಈ ಬದಿಗೆ ಬರುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ಹಾಸಿಗೆ ಅಡ್ಡ ಸಿಕ್ಕಿಕೊಂಡಿತು. ಮಗಳು ಓಡಿಬಂದು ಒಂದು ತುದಿ ಹಿಡಿದಳು.

"ಗಾಳಿ ಬಿಟ್ಟು ಮಡಿಸಿ ತರೋದಲ್ವಾ ಮಾಮ?"

"ಮನಸ್ಸು ಬರಲಿಲ್ಲಮ್ಮ" ಎಂದರು ಗಡಿಯಾರದವರು. "ನಿಮ್ಮಪ್ಪ ಊದಿದ ಗಾಳಿ ಅದು. ಐದು ದಿನದಿಂದ ನಮ್ಮ ಮನೆ ಹಜಾರದಲ್ಲಿ ನಿಲ್ಲಿಸಿಕೊಂಡಿದ್ದೆ. ನನ್ನ ಹೆಂಡತಿ ದಿನಾ ಅದನ್ನ ಎಡವೋಳು."

ಚಿಕ್ಕವರು ಹಿಂದಿನ ಕೋಣೆಯ ಹೊಸ್ತಿಲಲ್ಲಿ ನಿಂತು ಹಾಸಿಗೆಯನ್ನೇ ನೋಡುತ್ತಿದ್ದರು. ಅದು ತುಂಬಿತ್ತು. ಐದು ದಿನದ ಮೇಲೂ ತುಂಬಿಯೇ ಇತ್ತು, ಅಂಚಿನಲ್ಲಿ ಒಂಚೂರು ಮೆತ್ತಗಾಗಿತ್ತು, ಅಷ್ಟೇ. ಅವರು ಹತ್ತಿರ ಬಂದು ಬೆರಳಿನಿಂದ ಒತ್ತಿದರು. ಇನ್ನೊಂದು ಕಡೆ ಒತ್ತಿದರು. ಜೇಬಿನಿಂದ ವಾಷರ್ ತೆಗೆದು ಅಂಗೈಯಲ್ಲಿ ಹಿಡಿದರು.

"ಇದಿಲ್ಲದೆ ಅದು ಹೇಗೆ ನಿಂತಿದೆ?"

ಗಡಿಯಾರದವರು ವಾಷರನ್ನು ನೋಡಿದರು, ಚಿಕ್ಕವರ ಮುಖವನ್ನು ನೋಡಿದರು. ಹಾಸಿಗೆಯನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತುಕೊಂಡರು.

"ಓ, ನಿಮಗೆ ಗೊತ್ತಾಗಿಹೋಗಿದೆಯಾ? ಹಾಗಾದರೆ ನನ್ನ ಮಾತು ಬಿಡುಗಡೆ. ಐದು ದಿನದಿಂದ ಬಾಯಿ ಕಟ್ಟಿಕೊಂಡು ಸಾಕಾಗಿಹೋಯಿತು. ಚಿಕ್ಕವನಿಗೆ ಹೇಳಬೇಡಿ ಅಂತ ದೊಡ್ಡವರು ನನ್ನಿಂದ ಕೈಮೇಲೆ ಕೈ ಹಾಕಿಸಿಕೊಂಡು ಭಾಷೆ ತಗೊಂಡಿದ್ದರು."

"ಏನು ಹೇಳಬೇಡಿ ಅಂದಿದ್ದ?"

"ಕೆರೆಗೆ ಹೋದ ದಿನಾನೇ ಮಧ್ಯಾಹ್ನ ಹಾಸಿಗೆ ಊದಿದ್ವಿ. ಪಂಪು ಬೇಡ ಅಂತ ಹಟ. ಊಟ ಆದಮೇಲೆ ಅದರ ಮೇಲೆ ಮಲಗಿದರು. ಯಾಕ್ರೀ ಈಗಲೇ ಮಲಗ್ತೀರಿ, ಕೆರೆ ಕಡೆ ಹೋಗೋಣ ಅಂದರೆ, ಅಂಗಡಿ ಕಟ್ಟಳೆ ಕಣ್ರೀ, ಮಲಗಿ ನೋಡದೆ ನಂಬೋ ಹಾಗಿಲ್ಲ ಅಂದರು. ಒಂದು ಗಂಟೆಯಲ್ಲಿ ಅವರ ಸೊಂಟ ನೆಲಕ್ಕೆ ತಾಗಿತು. ನಾನು ಅಯ್ಯೋ ಅಂದರೆ ಅವರಿಗೆ ನಗು. ಬಿದ್ದು ಬಿದ್ದು ನಕ್ಕರು. ಮುಚ್ಚಳ ಬಿಚ್ಚಿ ನೋಡಿ, ನಮ್ಮ ಚಿಕ್ಕವನು ವಾಷರ್ ಹಾಕೋದೇ ಮರೆತಿದ್ದಾನೆ ಅಂದರು. ಅವರ ಹತ್ತಿರ ಆ ತಗಡಿನ ಡಬ್ಬಿ ಇರುತ್ತಲ್ಲ?"

ಇತ್ತು. ಹಳೆಯ ಸ್ಟೌವಿನ ಪಿನ್ನು, ತೂತು ಬಿಲ್ಲೆ, ತುಂಡು ದಾರ, ಎರಡು ಸೂಜಿ. ಸೀಮೆಎಣ್ಣೆ ಸ್ಟೌ ಮನೆಯಿಂದ ಹೋಗಿ ಇಪ್ಪತ್ತು ವರ್ಷವಾದರೂ ಆ ಡಬ್ಬಿ ದೊಡ್ಡವರ ಚೀಲದಿಂದ ಹೋಗಿರಲಿಲ್ಲ. ಗುಜರಿಯೆಂದು ಚಿಕ್ಕವರು ಅದನ್ನು ಎಷ್ಟೋ ಸಲ ಹಾಸ್ಯ ಮಾಡಿದ್ದರು.

"ಅದರಿಂದ ಸ್ಟೌವಿನ ಮುಚ್ಚಳದ ಒಂದು ರಬ್ಬರ್ ಬಿಲ್ಲೆ ತೆಗೆದರು. ಕತ್ತರಿಯಲ್ಲಿ ಸುತ್ತ ಟ್ರಿಮ್ ಮಾಡಿದರು. ನಾನು ಗಡಿಯಾರ ಬಿಚ್ಚೋನು ಚಿಕ್ಕವರೇ, ನನಗೂ ಅಷ್ಟು ಸಣ್ಣ ಕೆಲಸ ಅಷ್ಟು ಚೆನ್ನಾಗಿ ಬರಲ್ಲ. ಕೂರಿಸಿದರು, ಮತ್ತೆ ಊದಿದ್ವಿ, ಮತ್ತೆ ಮಲಗಿದರು. ಎರಡು ಗಂಟೆ ಗೊರಕೆ. ಎದ್ದು ಏನಂದರು ಗೊತ್ತಾ? ಚಿಕ್ಕವನು ಹೇಳಿದ್ದು ಸರಿ, ನಲವತ್ತು ವರ್ಷ ಸುಮ್ಮನೆ ಕಲ್ಲು ಎಣಿಸಿದೆ ಅಂದರು. ಇದನ್ನೂ ಹೇಳಬೇಡಿ, ಅವನ ತಲೆ ತಿರುಗುತ್ತೆ ಅಂದರು."

ಚಿಕ್ಕವರು ಮೇಜಿನ ಅಂಚನ್ನು ಹಿಡಿದುಕೊಂಡರು. "ಚಳಿ?"

"ಎಲ್ಲಿ ಚಳಿ? ನಾವು ಮೂರು ಜನ ನಡುಗುತ್ತಾ ಚಹಾ ಕುಡೀತಿದ್ದರೆ ಅವರು ಆ ಸ್ಲೀಪಿಂಗ್ ಬ್ಯಾಗಿನಿಂದ ಮೂಗು ಮಾತ್ರ ಹೊರಗೆ ಹಾಕಿಕೊಂಡು, ಇನ್ನೊಂದು ಲೋಟ ಇಲ್ಲಿಗೇ ಕೊಡಿ, ನಾನು ಏಳಲ್ಲ ಅನ್ನೋರು. ಒಂದು ಸಲ ಕೆಮ್ಮಲಿಲ್ಲ. ಕೊನೆಯ ಬೆಳಿಗ್ಗೆ ನಾನೇ ಎಬ್ಬಿಸೋಕೆ ಹೋದದ್ದು. ಬ್ಯಾಗಿನೊಳಗೆ ಕೈ ಹಾಕಿದರೆ ಬೆಚ್ಚಗೆ ಇತ್ತು ಚಿಕ್ಕವರೇ. ಅದಕ್ಕೇ ನನಗೆ ಮೊದಲು ಗೊತ್ತಾಗಲಿಲ್ಲ."

ಚಿಕ್ಕವರು ಹಾಸಿಗೆಯನ್ನು ಗೋಡೆಯಿಂದ ತೆಗೆದು, ಯಂತ್ರಗಳ ನಡುವೆ ನೆಲಕ್ಕೆ ಹಾಕಿ, ಮೊಣಕಾಲೂರಿ, ಸೊಂಟ ಹಿಡಿದುಕೊಂಡು, ಅದರ ಮೇಲೆ ಮಲಗಿದರು. ಬೆನ್ನಿಗೆ ನೆಲ ಸಿಗಲಿಲ್ಲ. ಐದು ದಿನದಿಂದ ಬಿಗಿಹಿಡಿದಿದ್ದ ಉಸಿರು ಆಗ ಹೊರಗೆ ಬಂತು, ಅದರ ಹಿಂದೆಯೇ ಅಳುವೂ ಬಂತು. ಅಣ್ಣನಿಗಾಗಿ ಅವರು ಅತ್ತದ್ದು ಆಗಲೇ.

ಮಹಡಿಯಿಂದ ಇಳಿದು ಬಂದ ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. "ಏನೋ ಇದು, ಮನೆಯಲ್ಲಿ ಮಂಚ ಇಲ್ಲವಾ?"

ಚಿಕ್ಕವರು ಎದ್ದು ಕೂತು ಎಲ್ಲವನ್ನೂ ಹೇಳಿದರು. ವಾಷರ್ ಮರೆತದ್ದು, ಮಲಗಿ ನೋಡದೆ ಕೊಟ್ಟದ್ದು, ಐದು ದಿನ ಮುಚ್ಚಿಟ್ಟದ್ದು. ಏನನ್ನೂ ಬಿಡಲಿಲ್ಲ. ಕೊನೆಗೆ, "ಚಳಿ ಆಗಿರಲಿಲ್ಲ ಅತ್ತಿಗೆ. ಬೆಚ್ಚಗಿದ್ದ" ಎಂದರು. ಈ ಸಲ ಮುಖ ನೋಡಿಯೇ ಹೇಳಿದರು.

ಅತ್ತಿಗೆ ಸ್ಟೂಲಿನ ಮೇಲೆ ಕೂತರು. ಕಣ್ಣಲ್ಲಿ ನೀರಿತ್ತು, ಆದರೆ ಐದು ದಿನದಿಂದ ಮೇಲಕ್ಕೆ ಹಿಡಿದಿದ್ದ ಭುಜಗಳು ಕೆಳಗಿಳಿದವು. "ನಿನ್ನ ಕೆಲಸಾನ ಅವರು ಯಾವತ್ತು ಎರಡನೇ ಸಲ ನೋಡದೆ ಬಿಟ್ಟಿದ್ದಾರೆ?" ಎಂದರು. "ನೀನು ಹೊಲಿದು ಮನೆಗೆ ಹೋದಮೇಲೆ ಎಷ್ಟು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಾರೆ ಅಂತ ನನಗೆ ಗೊತ್ತು. ದಾರ ಪೋಣಿಸಿ ಕೊಡ್ತಿದ್ದವಳು ನಾನೇ."

"ಅಷ್ಟು ಸಲವಾ?"

"ಲೆಕ್ಕ ಕೇಳಬೇಡ. ಬೇಜಾರು ಮಾಡ್ಕೋತೀಯ."

ಮಗಳು ನಕ್ಕುಬಿಟ್ಟಳು. ಸುದ್ದಿ ಬಂದ ಮೇಲೆ ಆ ಅಂಗಡಿಯಲ್ಲಿ ಕೇಳಿದ ಮೊದಲ ನಗು ಅದು. ಆಮೇಲೆ ಅತ್ತಿಗೆ ಹಾಸಿಗೆಯ ಮೇಲೆ ಕೈಯಾಡಿಸಿ, "ಇದರಲ್ಲಿ ಅವರ ಉಸಿರು ಇದೆ ಅಂತೀರಾ?" ಎಂದು ಗಡಿಯಾರದವರನ್ನು ಕೇಳಿದರು.

ಗಡಿಯಾರದವರು ಸಂಕೋಚದಿಂದ ಕೆಮ್ಮಿದರು. "ಸುಳ್ಳು ಹೇಳಬಾರದು ನೋಡಿ. ಅರ್ಧ ನನ್ನದು. ಅವರು ಸುಸ್ತಾದಾಗ ನಾನು ಊದ್ತಿದ್ದೆ."

"ಹಾಗಾದರೆ ನಿಮ್ಮ ಉಸಿರನ್ನ ನಾವು ಇಟ್ಟುಕೊಂಡು ಏನು ಮಾಡೋಣ" ಎಂದರು ಅತ್ತಿಗೆ. ಆಮೇಲೆ ಮೈದುನನ ಕಡೆ ತಿರುಗಿದರು. "ಬಿಟ್ಟುಬಿಡೋ. ಚೆನ್ನಾಗಿ ಮಲಗಿ ಎದ್ದು ಹೋಗಿದ್ದಾರೆ. ಹಾಸಿಗೆ ಮಡಿಸಬೇಕಲ್ಲ."

ಚಿಕ್ಕವರು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದರು. ಗಾಳಿ ಸಣ್ಣ ಸದ್ದು ಮಾಡುತ್ತಾ ಹೊರಗೆ ಬಂತು, ಮೇಜಿನ ಮೇಲಿದ್ದ ದಾರದ ತುಂಡುಗಳು ಅಲುಗಾಡಿದವು. ಮುಚ್ಚಳದೊಳಗೆ ಕಂದು ಬಣ್ಣದ ರಬ್ಬರ್ ಬಿಲ್ಲೆ ಕೂತಿತ್ತು. ಅಂಚನ್ನು ಒಳಗಡೆಗೆ ಓರೆಯಾಗಿ ಕತ್ತರಿಸಿದ್ದ ರೀತಿ ಅಣ್ಣನದೇ. ಚಿಕ್ಕವರು ಅದನ್ನು ತೆಗೆಯಲಿಲ್ಲ. ತಮ್ಮ ಹೊಸ ವಾಷರನ್ನು ಚೀಲದಲ್ಲಿದ್ದ ಅಣ್ಣನ ತಗಡಿನ ಡಬ್ಬಿಗೆ ಹಾಕಿ ಮುಚ್ಚಿದರು. ಹಾಸಿಗೆ ಚಪ್ಪಟೆಯಾದ ಮೇಲೆ ಅದನ್ನು ಮಡಿಸಿಟ್ಟರು.

ಆ ಸಂಜೆ ಚಿಕ್ಕವರು ದೇವರ ಮುಂದೆ ಕೂತಾಗ ಕೈ ತಾನಾಗಿ ಮುಗಿಯಿತು, ಬಾಯಿಯೂ ಬಂತು.

"ತಂದೆ, ನಮ್ಮ ಅಣ್ಣ ನಿನ್ನ ಹತ್ತಿರ ಬಂದಿದ್ದಾನೆ. ಸೋರುವ ಕಡೆ ತಾನು ಮಲಗಿ, ಒಣಗಿದ ಕಡೆ ಬೇರೆಯವರನ್ನು ಮಲಗಿಸಿದವನು ಅವನು. ಅಲ್ಲಿಯೂ ಅದನ್ನೇ ಮಾಡಲು ಹೋಗುತ್ತಾನೆ, ಬಿಡಬೇಡ. ಅವನ ಎದೆಗೆ ಚಳಿ ತಾಗದಿರಲಿ, ಬೆನ್ನಿಗೆ ಕಲ್ಲು ಸಿಗದಿರಲಿ. ನಮ್ಮ ತಪ್ಪುಗಳನ್ನು ತಿದ್ದುವ ಕೆಲಸ ಇನ್ನು ಅವನಿಗೆ ಬೇಡ. ಅವನು ವಿಶ್ರಮಿಸಲಿ. ಅವನ ಆತ್ಮಕ್ಕೆ ಶಾಂತಿ ಕೊಡು."